ಒಂದೇ ಪೆಟ್ಟಿಗೆಯಲ್ಲಿ ಎರಡು ಋತು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂತು. ಅನೇಕ ವರ್ಷಗಳಿಂದ ಅಮೆರಿಕದಲ್ಲಿ ನೆಲೆಸಿರುವ ಇಂಜಿನಿಯರ್ ಆತ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, ತುಸು ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದ್ದ. "ಸರ್, ತಪ್ಪು ತಿಳಿಯಬೇಡಿ. ಬಿಡುವಿನ ದಿನಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸ ಇಟ್ಟುಕೊಂಡಿದ್ದೇನೆ. ಇಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ನನ್ನಲ್ಲಿರುವುದು ಒಂದೇ ಒಂದು ಹಳೆಯ ಫ್ರಿಜ್. ಅದರಲ್ಲಿ 20 ಲೀಟರಿನ ಎರಡು ಪಾತ್ರೆಗಳು ಹಿಡಿಯುತ್ತವೆ. ಒಂದಕ್ಕೆ 10 ಡಿಗ್ರಿ ಬೇಕು, ಇನ್ನೊಂದಕ್ಕೆ 19 ಡಿಗ್ರಿ. ಒಂಬತ್ತನೆಯ ತರಗತಿಯಲ್ಲಿ ನಮಗೆ ಉಷ್ಣದ ಪಾಠ ಮಾಡಿದವರು ನೀವು. ಇದಕ್ಕೇನಾದರೂ ಉಪಾಯ ಹೇಳುತ್ತೀರಾ?"

ಇದನ್ನು ಓದುವ ಬಂಧುಗಳಲ್ಲಿ ಕೆಲವರ ಹುಬ್ಬು ಈಗಾಗಲೇ ಮೇಲೇರಿರಬಹುದು. ಎಪ್ಪತ್ತು ದಾಟಿದ ಮೇಷ್ಟರು, ಜೀವಮಾನದಲ್ಲಿ ಒಂದು ತೊಟ್ಟೂ ಮದ್ಯ ಮುಟ್ಟದವರು, ಈಗ ಬಿಯರಿನ ಪುರಾಣ ಹೇಳಲು ಕೂತರೇ ಎಂದು. ನಾನು ಕುಡಿಯುವುದನ್ನು ಹೊಗಳಲು ಹೊರಟಿಲ್ಲ. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆದರೆ ಪ್ರಶ್ನೆ ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ಅಭ್ಯಾಸ ನನಗೆ ಅಂದೂ ಇರಲಿಲ್ಲ. ಅವನಿಗೆ ಉತ್ತರ ಬರೆಯಬೇಕೆಂದು ಪುಸ್ತಕಗಳನ್ನು ತಿರುವಿ ಹಾಕುತ್ತ ಹೋದಂತೆ, ಈ ಒಂದು ಪ್ರಶ್ನೆಯ ಬೆನ್ನು ಹಿಡಿದೇ ಯೂರೋಪಿನ ವಿಜ್ಞಾನದ ನಾಲ್ಕು ಶತಮಾನಗಳ ಚರಿತ್ರೆಯನ್ನು ನೋಡಿಬರಬಹುದೆಂದು ತಿಳಿಯಿತು. ಜೊತೆಗೆ ನನ್ನದೇ ಒಂದು ಹಳೆಯ ನೆನಪೂ ಎದ್ದು ಬಂದಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ವಿಷಯದ ತಳಹದಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿಟ್ಟರೆ ಅದರ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೊರಬಿಡುವುದು ಯೀಸ್ಟಿನ ಕೆಲಸ. ಇದರಲ್ಲಿ ಮುಖ್ಯವಾಗಿ ಎರಡು ವಂಶಗಳಿವೆ. ಏಲ್ ಎಂಬ ಬಗೆಯ ಬಿಯರನ್ನು ಮಾಡುವ ಯೀಸ್ಟ್ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ದುಡಿದು, ನೊರೆಯೊಡನೆ ಮೇಲಕ್ಕೆ ತೇಲಿ ಬರುತ್ತದೆ. ಲಾಗರ್ ಎಂಬ ಬಗೆಯದನ್ನು ಮಾಡುವ ಯೀಸ್ಟ್ 8ರಿಂದ 13 ಡಿಗ್ರಿಯ ಚಳಿಯಲ್ಲಿ ನಿಧಾನವಾಗಿ ದುಡಿದು ತಳದಲ್ಲಿ ನಿಲ್ಲುತ್ತದೆ. ಬೇಕಾದುದಕ್ಕಿಂತ ಹೆಚ್ಚು ಬಿಸಿಯಾದರೆ ಹಣ್ಣಿನ ವಾಸನೆಯ ಎಸ್ಟರುಗಳೂ ಘಾಟಿನ ಮದ್ಯಸಾರಗಳೂ ಹುಟ್ಟುತ್ತವೆ. ಹೆಚ್ಚು ತಣ್ಣಗಾದರೆ ಯೀಸ್ಟ್ ಕೆಲಸವನ್ನು ಅರ್ಧಕ್ಕೇ ಬಿಟ್ಟು ಮಲಗಿಬಿಡುತ್ತದೆ.

ಇದು ನಮ್ಮ ತಾಯಂದಿರಿಗೆ ತಿಳಿಯದ ವಿದ್ಯೆಯೇನಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ಧನುರ್ಮಾಸದ ಚಳಿಗೆ ಇಡ್ಲಿಯ ಹಿಟ್ಟು ಉಬ್ಬುತ್ತಿರಲಿಲ್ಲ. ಅಮ್ಮ ಹಿಟ್ಟಿನ ಪಾತ್ರೆಗೆ ಹಳೆಯ ಕಂಬಳಿ ಸುತ್ತಿ ಬಚ್ಚಲೊಲೆಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಅದೇ ಅಮ್ಮ ಬೇಸಗೆಯಲ್ಲಿ ಹಿಟ್ಟು ಹುಳಿಯಾಗದಿರಲೆಂದು ತಣ್ಣೀರು ತುಂಬಿದ ಅಗಲವಾದ ತಟ್ಟೆಯಲ್ಲಿ ಪಾತ್ರೆಯನ್ನು ಕೂರಿಸುತ್ತಿದ್ದಳು. ಇಡ್ಲಿಯನ್ನು ಹುದುಗಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ, ಬಿಯರನ್ನು ಹುದುಗಿಸುವುದು ಯೀಸ್ಟ್. ಆದರೂ ನಿಯಮ ಒಂದೇ. ಅಡುಗೆಮನೆ ಒಂದೇ ಆದರೂ ಅದರಲ್ಲಿ ಬೆಚ್ಚನೆಯ ಮೂಲೆ ಬೇರೆ, ತಣ್ಣನೆಯ ಮೂಲೆ ಬೇರೆ ಎಂಬುದನ್ನು ಅಮ್ಮ ಯಾವ ಉಷ್ಣಮಾಪಕವೂ ಇಲ್ಲದೆ ಬಲ್ಲವಳಾಗಿದ್ದಳು.

ಈಗ ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯಾಕ್ಕೆ ಹೋಗೋಣ. ಅಲ್ಲಿ 1516ರಲ್ಲಿ ಅರಸರು ಒಂದು ಶಾಸನ ಹೊರಡಿಸಿದರು. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವಿಷ್ಟನ್ನೇ ಬಳಸತಕ್ಕದ್ದು ಎಂಬುದು ಅದರ ಸಾರ. ಯೀಸ್ಟಿನ ಹೆಸರು ಅದರಲ್ಲಿಲ್ಲ. ಅದು ಜೀವಿಯೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು 1553ರ ಇನ್ನೊಂದು ಆಜ್ಞೆ. ಐದನೆಯ ಆಲ್ಬ್ರೆಕ್ಟ್ ಎಂಬ ಡ್ಯೂಕನು, ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರ ಬಿಯರ್ ತಯಾರಿಸಬೇಕೆಂದು ವಿಧಿಸಿದನು. ಬೇಸಗೆಯಲ್ಲಿ ತಯಾರಿಸಿದ ಬಿಯರ್ ಕೆಡುತ್ತದೆಂಬುದು ಅನುಭವದಿಂದ ಬಂದ ತಿಳಿವಳಿಕೆ. ಕಾರಣ ಗೊತ್ತಿಲ್ಲದಿದ್ದರೂ ಪರಿಹಾರ ಸರಿಯಾಗಿತ್ತು. ಬೇಸಗೆಯ ಗಾಳಿಯಲ್ಲಿ ಹಾರಾಡುವ ಬ್ಯಾಕ್ಟೀರಿಯಾಗಳಿಗೆ ಚಳಿಗಾಲದಲ್ಲಿ ಬಲವಿರಲಿಲ್ಲ, ಚಳಿಯನ್ನು ತಾಳಬಲ್ಲ ಯೀಸ್ಟ್ ಮಾತ್ರ ಉಳಿದುಕೊಂಡಿತು. ಒಂದು ರಾಜ್ಯವೇ ಒಂದು ಪೆಟ್ಟಿಗೆ, ಅದಕ್ಕೆ ಒಂದೇ ಋತು ಎಂದು ಡ್ಯೂಕನು ತೀರ್ಮಾನಿಸಿದಂತಾಯಿತು.

ಆದರೆ ಬೇಸಗೆಯಲ್ಲಿ ಕುಡಿಯಲು ಏನು ಮಾಡುವುದು? ಮಾರ್ಚಿಯಲ್ಲಿ ತುಸು ಗಟ್ಟಿಯಾಗಿ ತಯಾರಿಸಿ, ಆಳವಾದ ನೆಲಮಾಳಿಗೆಗಳಲ್ಲಿ, ಕೆರೆಗಳಿಂದ ಕೊಯ್ದು ತಂದ ಮಂಜುಗಡ್ಡೆಯ ನಡುವೆ ಇಟ್ಟುಕೊಂಡರು. ಲಾಗರ್ ಎಂಬ ಹೆಸರು ಬಂದದ್ದೇ ದಾಸ್ತಾನು ಎಂಬರ್ಥದ ಜರ್ಮನ್ ಪದದಿಂದ. ನೆಲಮಾಳಿಗೆಯ ಮೇಲಿನ ನೆಲ ಕಾಯದಿರಲೆಂದು ಅಗಲವಾದ ಎಲೆಗಳ ಚೆಸ್ಟ್‌ನಟ್ ಮರಗಳನ್ನು ನೆಟ್ಟು ಜಲ್ಲಿ ಹರಡಿದರು. 1812ರಲ್ಲಿ ಬವೇರಿಯಾದ ದೊರೆ ಒಂದನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್, ತಯಾರಕರು ಆ ನೆರಳಿನಲ್ಲಿಯೇ ಬಿಯರ್ ಮಾರಬಹುದು, ಆದರೆ ಬ್ರೆಡ್ ಬಿಟ್ಟು ಬೇರೆ ತಿನಿಸು ಮಾರಕೂಡದು ಎಂದು ಅಪ್ಪಣೆ ಕೊಟ್ಟನು. ಮ್ಯೂನಿಕ್ ನಗರದ ಹೆಸರಾಂತ ಬಿಯರ್ ತೋಟಗಳಿಗೆ ಮರದ ನೆರಳು ಬಂದದ್ದು ಕುಡಿಯುವವರ ಸುಖಕ್ಕಲ್ಲ, ಕೆಳಗಿನ ಪೀಪಾಯಿಗಳ ಸುಖಕ್ಕೆ!

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಕಟುವಾದ ಚಳಿಯೂ ಇಲ್ಲ, ಕಡುಬೇಸಗೆಯೂ ಇಲ್ಲ. ಅವರು ಏಲನ್ನೇ ಕುಡಿದರು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಬಿಯರ್ ಕಾರ್ಖಾನೆಗಳು ದೈತ್ಯಾಕಾರವಾಗಿ ಬೆಳೆದಾಗ ಒಂದು ಹೊಸ ತೊಂದರೆ ತಲೆದೋರಿತು. ಯೀಸ್ಟ್ ದುಡಿಯುವಾಗ ತಾನೇ ಶಾಖವನ್ನು ಹುಟ್ಟಿಸುತ್ತದೆ. ಗೊಬ್ಬರದ ಗುಂಡಿಗೆ ಕೈಯಿಟ್ಟು ನೋಡಿದ ನಮ್ಮ ರೈತರ ಮಕ್ಕಳಿಗೆ ಇದು ಹೊಸದಲ್ಲ. ಚಿಕ್ಕ ಗಡಿಗೆಯಾದರೆ ಆ ಶಾಖ ಪಕ್ಕಗಳಿಂದ ಹೊರಹೋಗುತ್ತದೆ. ಪಾತ್ರೆ ದೊಡ್ಡದಾದಂತೆಲ್ಲ ಒಳಗಿನ ದ್ರವ ಹೆಚ್ಚಾಗಿ, ಅದಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಾಗಿ, ಶಾಖ ಒಳಗೇ ಉಳಿಯುತ್ತದೆ. ಕೋಣೆ ತಂಪಾಗಿದ್ದರೂ ಪಾತ್ರೆಯೊಳಗೆ ಬೇಸಗೆ!

ಒಳಗಿನ ಈ ಬೇಸಗೆಯನ್ನು ಕಾಣುವುದು ಹೇಗೆ? ಫ್ಯಾರನ್‌ಹೀಟನ ಪಾದರಸದ ಉಷ್ಣಮಾಪಕ 1714ರ ಹೊತ್ತಿಗೆ ಬಂದಿದ್ದರೂ ಬಿಯರ್ ತಯಾರಕರು ಕೈಯದ್ದಿ ನೋಡುವುದನ್ನೇ ನೆಚ್ಚಿದ್ದರು. ಮೈಕೇಲ್ ಕೊಂಬ್ರೂನ್ ಎಂಬ ತಯಾರಕನು 1762ರಲ್ಲಿ ಬಿಯರ್ ತಯಾರಿಕೆಯ ಸಿದ್ಧಾಂತ ಮತ್ತು ಪ್ರಯೋಗವನ್ನು ಕುರಿತು ಒಂದು ಗ್ರಂಥ ಬರೆದು, ಪ್ರತಿಯೊಂದು ಹಂತದಲ್ಲಿಯೂ ಉಷ್ಣಮಾಪಕವನ್ನು ಬಳಸಬೇಕೆಂದು ಪ್ರತಿಪಾದಿಸಿದನು. ಅದೇ ಕಾಲದಲ್ಲಿ ಹ್ಯಾಂಪ್‌ಷೈರಿನ ಆಲ್ಟನ್ ಎಂಬ ಊರಿನಲ್ಲಿ ಜೇಮ್ಸ್ ಬೇವರ್‌ಸ್ಟಾಕ್ ಎಂಬ ಯುವಕನಿದ್ದನು. ಅವನ ತಂದೆಗೆ ಇಂಥ ಹೊಸ ಪ್ರಯೋಗಗಳು ಹಿಡಿಸುತ್ತಿರಲಿಲ್ಲ. ಮಗನು ಉಷ್ಣಮಾಪಕವನ್ನು ತಂದೆಯ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡು ಬಳಸಬೇಕಾಯಿತು. ಈ ಪ್ರಸಂಗವನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಿಳಿಯುವ ಆಸೆಯನ್ನು ಹಿರಿಯರಿಂದ ಮರೆಮಾಡಬೇಕಾಗಿ ಬಂದ ಮಕ್ಕಳನ್ನು ನಾನೂ ಕಂಡಿದ್ದೇನೆ.

ಅಳೆಯುವುದು ಬಂದ ಮೇಲೆ ಆಳುವುದೂ ಬಂದಿತು. ಆ ಶತಮಾನ ಮುಗಿಯುವ ಹೊತ್ತಿಗೆ ಹುದುಗುವ ದ್ರವದೊಳಗೇ ಸುರುಳಿಯಾಗಿ ಸುತ್ತಿದ ಲೋಹದ ಕೊಳವೆಯನ್ನು ಇಳಿಬಿಟ್ಟು, ಅದರಲ್ಲಿ ಬಾವಿಯ ತಣ್ಣೀರನ್ನು ಹರಿಸುವ ವಿಧಾನ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತು. ಇದರ ಮಹತ್ವವನ್ನು ಗಮನಿಸಬೇಕು. ಅಲ್ಲಿಯವರೆಗೆ ಕೋಣೆಯನ್ನೋ ನೆಲಮಾಳಿಗೆಯನ್ನೋ ತಂಪು ಮಾಡುತ್ತಿದ್ದರು. ಈಗ ಪಾತ್ರೆಯನ್ನೇ ತಂಪು ಮಾಡಿದರು. ಒಂದೇ ಸೂರಿನ ಕೆಳಗೆ ಹತ್ತು ಪಾತ್ರೆಗಳಿದ್ದರೆ ಹತ್ತಕ್ಕೂ ಬೇರೆ ಬೇರೆ ಹವೆಯನ್ನು ಕೊಡುವುದು ಸಾಧ್ಯವಾಯಿತು.

ನಿಮ್ಮಲ್ಲಿ ವಿಜ್ಞಾನ ಓದಿದವರಿಗೆ ಒಂದು ಸಣ್ಣ ನೆನಪು. ಶಕ್ತಿಯ ಏಕಮಾನಕ್ಕೆ 'ಜೂಲ್' ಎಂಬ ಹೆಸರು ಬಂದಿರುವುದು ಜೇಮ್ಸ್ ಪ್ರೆಸ್ಕಾಟ್ ಜೂಲನಿಂದ ಎಂದು ತರಗತಿಯಲ್ಲಿ ಹೇಳಿದ್ದೆ. ಆತನ ಮನೆತನದ ಉದ್ಯೋಗ ಬಿಯರ್ ತಯಾರಿಕೆ ಎಂಬುದನ್ನು ಹೇಳಿರಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ. ಮ್ಯಾಂಚೆಸ್ಟರಿನ ಬಳಿಯ ಸಾಲ್‌ಫರ್ಡ್‌ನಲ್ಲಿ ಅವರ ಕಾರ್ಖಾನೆಯಿತ್ತು. 1840ರ ದಶಕದಲ್ಲಿ ನೀರನ್ನು ಕಲಕಿ, ಅದರ ಉಷ್ಣತೆಯಲ್ಲಿ ಆದ ಅತ್ಯಲ್ಪ ಏರಿಕೆಯನ್ನು ಅಳೆದು, ದುಡಿಮೆಗೂ ಶಾಖಕ್ಕೂ ಇರುವ ಸಂಬಂಧವನ್ನು ಆತ ಸ್ಥಾಪಿಸಿದನು. ಡಿಗ್ರಿಯ ಸಣ್ಣ ಸಣ್ಣ ಭಾಗಗಳಿಗೂ ಬೆಲೆ ಕೊಡುವ ಕಸುಬಿನ ನಡುವೆ ಬೆಳೆದವನಿಗೆ ಉಷ್ಣಮಾಪಕ ಅಪರಿಚಿತ ವಸ್ತುವಾಗಿರಲಿಲ್ಲ.

1833ರಲ್ಲಿ ಮ್ಯೂನಿಕ್‌ನ ಸ್ಪಾಟೆನ್ ಕಾರ್ಖಾನೆಯ ಗಾಬ್ರಿಯೆಲ್ ಸೆಡ್ಲ್‌ಮಾಯರ್ ಮತ್ತು ವಿಯೆನ್ನಾದ ಆಂಟನ್ ಡ್ರೆಹರ್ ಎಂಬ ಇಬ್ಬರು ತರುಣರು ಬ್ರಿಟನ್ನಿನ ಪ್ರವಾಸಕ್ಕೆ ಹೊರಟರು. ಅಲ್ಲಿಯ ಕಾರ್ಖಾನೆಗಳನ್ನು ನೋಡುವ ನೆಪದಲ್ಲಿ ಒಳಗೆ ಟೊಳ್ಳಾದ ಊರುಗೋಲಿನಲ್ಲಿ ಹುದುಗುವ ಬಿಯರನ್ನು ಗುಟ್ಟಾಗಿ ತುಂಬಿಕೊಂಡು, ಬಿಡಾರಕ್ಕೆ ಬಂದು ಪರೀಕ್ಷಿಸುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಕದ್ದದ್ದು ಸರಿಯಲ್ಲ, ಆದರೆ ಕದ್ದದ್ದು ಅಳತೆಯ ಶಾಸ್ತ್ರವನ್ನು. ಉಷ್ಣಮಾಪಕ ಮತ್ತು ಸಕ್ಕರೆಯ ಸಾಂದ್ರತೆಯನ್ನು ತೋರಿಸುವ ಮಾಪಕ, ಇವೆರಡರ ಬಳಕೆಯನ್ನು ಕಲಿತು ಊರಿಗೆ ಮರಳಿ ಅದನ್ನು ತಮ್ಮ ತಣ್ಣನೆಯ ಲಾಗರಿಗೆ ಅಳವಡಿಸಿದರು. 1842ರ ಅಕ್ಟೋಬರ್ 5ರಂದು ಬೊಹಿಮಿಯಾದ ಪಿಲ್ಸೆನ್ ನಗರದಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದವನು ಹೊಂಬಣ್ಣದ ಲಾಗರೊಂದನ್ನು ತಯಾರಿಸಿದನು. ಜಗತ್ತಿನ ಉದ್ದಗಲಕ್ಕೂ ಇಂದು ಮಾರಾಟವಾಗುವ ಬಿಯರಿನಲ್ಲಿ ಹೆಚ್ಚಿನ ಪಾಲು ಆ ಸಂತತಿಯದೇ.

1845ರಲ್ಲಿ ಡೆನ್ಮಾರ್ಕಿನ ಯಾಕೊಬ್ಸೆನ್ ಎಂಬಾತ ಮ್ಯೂನಿಕ್‌ಗೆ ಬಂದು ಸೆಡ್ಲ್‌ಮಾಯರನಿಂದ ಲಾಗರಿನ ಯೀಸ್ಟನ್ನು ಪಡೆದನು. ಅದನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ, ಟೋಪಿಯ ಪೆಟ್ಟಿಗೆಯಲ್ಲಿಟ್ಟುಕೊಂಡು, ಕುದುರೆಗಾಡಿ ನಿಂತಲ್ಲೆಲ್ಲ ತಣ್ಣೀರು ಎರೆದು ಕೋಪನ್‌ಹೇಗನ್‌ವರೆಗೆ ಬದುಕಿಸಿಕೊಂಡು ಹೋದನೆಂದು ಹೇಳುತ್ತಾರೆ. 1847ರಲ್ಲಿ ಆತ ಸ್ಥಾಪಿಸಿದ ಕಾರ್ಖಾನೆಗೆ ಮಗ ಕಾರ್ಲನ ಹೆಸರನ್ನು ಸೇರಿಸಿ ಕಾರ್ಲ್ಸ್‌ಬರ್ಗ್ ಎಂದು ಕರೆದನು. ಹೆಪ್ಪು ಕೇಳಿ ಬಂದ ನೆರೆಯವರಿಗೆ ನಮ್ಮ ಮನೆಗಳಲ್ಲಿಯೂ ಇಲ್ಲವೆಂದವರು ಕಡಿಮೆ. ಮುಸ್ಸಂಜೆಯ ಮೇಲೆ ಕೇಳಿದರೆ ಮಾತ್ರ ಅಜ್ಜಿಯ ಮುಖ ಗಂಟಾಗುತ್ತಿತ್ತು. ಸೆಡ್ಲ್‌ಮಾಯರ್ ಕೊಟ್ಟ ಆ ಹೆಪ್ಪು ಮುಂದೆ ಎಲ್ಲರಿಗೂ ಸಂದಿತು. ಹೇಗೆಂದರೆ, 1875ರಲ್ಲಿ ಯಾಕೊಬ್ಸೆನ್ ಕಾರ್ಖಾನೆಯ ಜೊತೆಗೆ ಒಂದು ಪ್ರಯೋಗಶಾಲೆಯನ್ನು ತೆರೆದು, ಅಲ್ಲಿ ಕಂಡುಕೊಂಡದ್ದನ್ನು ಗುಟ್ಟಾಗಿಡಕೂಡದೆಂದು ನಿಯಮ ಮಾಡಿದನು. ಮರುವರ್ಷ ಫ್ರಾನ್ಸಿನ ಲೂಯಿ ಪಾಶ್ಚರ್ ಬಿಯರನ್ನು ಕುರಿತ ತನ್ನ ಗ್ರಂಥದಲ್ಲಿ, ಬಿಯರ್ ಕೆಡುವುದು ಬೇಡದ ಸೂಕ್ಷ್ಮಜೀವಿಗಳಿಂದ ಎಂದು ವಿವರಿಸಿದನು. 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಯೀಸ್ಟಿನ ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದರಿಂದಲೇ ಶುದ್ಧವಾದ ತಳಿಯನ್ನು ಬೆಳೆಸಿದನು. ಯಾಕೊಬ್ಸೆನ್ ಅದನ್ನು ಇತರ ತಯಾರಕರಿಗೂ ಹಂಚಿದನು. ಆಮ್ಲ ಪ್ರತ್ಯಾಮ್ಲಗಳನ್ನು ಅಳೆಯಲು ನೀವು ಕಲಿತ ಪಿಎಚ್ ಮಾನವೂ 1909ರಲ್ಲಿ ಅದೇ ಪ್ರಯೋಗಶಾಲೆಯಲ್ಲಿ ಸೋರೆನ್ಸನ್ ರೂಪಿಸಿದ್ದು.

ಯೀಸ್ಟ್ ಶುದ್ಧವಾಯಿತು, ಅಳತೆ ಬಂದಿತು. ಚಳಿಗೆ ಮಾತ್ರ ಇನ್ನೂ ದೇವರ ದಯೆಯನ್ನೇ ಕಾಯಬೇಕಾಗಿತ್ತು. ಚಳಿಗಾಲ ಬೆಚ್ಚಗಿದ್ದ ವರ್ಷ ಕೆರೆಗಳಲ್ಲಿ ಮಂಜುಗಡ್ಡೆಯಿಲ್ಲ, ಬೇಸಗೆಗೆ ಲಾಗರಿಲ್ಲ. ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕ ಕಾರ್ಲ್ ಫಾನ್ ಲಿಂಡೆ ಇದನ್ನು ಕೈಗೆತ್ತಿಕೊಂಡನು. ಸೆಡ್ಲ್‌ಮಾಯರನು ತನ್ನ ಸ್ಪಾಟೆನ್ ಕಾರ್ಖಾನೆಯಲ್ಲಿಯೇ ಪ್ರಯೋಗಕ್ಕೆ ಅವಕಾಶ ಕೊಟ್ಟನು. 1873ರ ಮೊದಲ ಯಂತ್ರ ಮೀಥೈಲ್ ಈಥರಿನಿಂದ ನಡೆಯುತ್ತಿತ್ತು. ಸುಧಾರಿಸಿದ ಅಮೋನಿಯಾ ಯಂತ್ರ 1877ರಲ್ಲಿ ಟ್ರಿಯೆಸ್ಟ್ ನಗರದಲ್ಲಿದ್ದ ಡ್ರೆಹರ್ ಕಾರ್ಖಾನೆಯನ್ನು ಸೇರಿತು. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಒತ್ತಿ, ಹೊರಗೆ ಶಾಖ ಕಳೆದುಕೊಳ್ಳುವಂತೆ ಮಾಡಿ, ಮತ್ತೆ ದ್ರವವಾಗಿಸಬಹುದು. ನಿಮ್ಮ ಅಡುಗೆಮನೆಯ ಫ್ರಿಜ್ ಮಾಡುತ್ತಿರುವುದೂ ಇದನ್ನೇ. 1833ರಲ್ಲಿ ಊರುಗೋಲು ಹಿಡಿದು ಹೊರಟ ಆ ಇಬ್ಬರು ಸ್ನೇಹಿತರ ಕಾರ್ಖಾನೆಗಳೇ ನಾಲ್ಕು ದಶಕಗಳ ನಂತರ ಶೈತ್ಯಯಂತ್ರದ ತೊಟ್ಟಿಲುಗಳಾದದ್ದು ಚರಿತ್ರೆಯ ಸೊಗಸು.

ಈ ಚಳಿಯ ಯೀಸ್ಟ್ ಹುಟ್ಟಿದ್ದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ತೀರ ಇತ್ತೀಚಿನದು. ಅದು ಎರಡು ಜಾತಿಗಳ ಮಿಶ್ರಸಂತಾನ. ಒಂದು, ಏಲ್ ಮತ್ತು ಬ್ರೆಡ್ಡಿನ ಪರಿಚಿತ ಯೀಸ್ಟ್. ಇನ್ನೊಂದು, 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ತಣ್ಣನೆಯ ಕಾಡುಗಳಲ್ಲಿ ಪತ್ತೆಯಾಗಿ, ಅನಂತರ ಟಿಬೆಟ್ಟಿನಲ್ಲಿಯೂ 2022ರಲ್ಲಿ ಐರ್ಲೆಂಡಿನಲ್ಲಿಯೂ ಸಿಕ್ಕಿದ ಒಂದು ಕಾಡು ಯೀಸ್ಟ್. ಇವೆರಡೂ ಕೂಡಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ಮ್ಯೂನಿಕ್‌ನ ಅರಮನೆಯ ಬಿಯರ್ ಮನೆಯಲ್ಲಿ ಎಂಬ ವಾದವನ್ನು 2023ರಲ್ಲಿ ಸಂಶೋಧಕರು ಮುಂದಿಟ್ಟಿದ್ದಾರೆ. ಅಲ್ಲಿ ಕೆಲವು ವರ್ಷಗಳ ಕಾಲ ಮೇಲೆ ಹುದುಗುವ ಗೋಧಿ ಬಿಯರನ್ನೂ ತಳದಲ್ಲಿ ಹುದುಗುವ ಕಂದು ಬಿಯರನ್ನೂ ಒಂದೇ ಸೂರಿನಡಿ ತಯಾರಿಸುತ್ತಿದ್ದರು. 1553ರ ಆಜ್ಞೆಗೆ ಒಳಪಟ್ಟ ರಾಜ್ಯದಲ್ಲಿ ಡ್ಯೂಕನ ವಿಶೇಷ ಹಕ್ಕಿನಿಂದ ನಡೆದ ಈ ಸಹವಾಸವೇ ಹೊಸ ತಳಿಗೆ ಜನ್ಮ ಕೊಟ್ಟಿರಬೇಕೆಂದು ಅವರ ಊಹೆ. ಇದು ಸರಿಯಾದರೆ, ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನಾಲ್ಕು ನೂರು ವರ್ಷ ವಯಸ್ಸಾಯಿತು. ಬೇರೆ ಬೇರೆ ಹವೆ ಬೇಡುವ ಎರಡನ್ನು ಒಂದೇ ಕಡೆ ಇಟ್ಟುಕೊಂಡದ್ದರಿಂದಲೇ ಲಾಗರಿನ ಇಂದಿನ ಯೀಸ್ಟ್ ಹುಟ್ಟಿತೆಂದಾಯಿತು.

ಇನ್ನು ಅವನಿಗೆ ನಾನು ಬರೆದ ಉತ್ತರ. ನಾನು ಕೈಯಾರೆ ಮಾಡಿದವನಲ್ಲ. ಮೇಲಿನ ಚರಿತ್ರೆಯೂ ಒಂಬತ್ತನೆಯ ತರಗತಿಯ ಭೌತಶಾಸ್ತ್ರವೂ ಕಲಿಸಿದ್ದನ್ನು ಹೇಳಿದ್ದೇನೆ.

ಮೊದಲನೆಯದು, ಅಳೆಯಬೇಕಾದದ್ದು ಫ್ರಿಜ್ಜಿನ ಗಾಳಿಯನ್ನಲ್ಲ, ಪಾತ್ರೆಯ ಒಳಗನ್ನು. 20 ಲೀಟರ್ ಬಿಯರ್ ಹುದುಗುವಾಗ ಹುಟ್ಟುವ ಶಾಖ ಒಂದಿಷ್ಟೂ ಹೊರಹೋಗದೆ ಉಳಿದರೆ ದ್ರವವು ಸುಮಾರು 10 ಡಿಗ್ರಿಯಷ್ಟು ಬಿಸಿಯಾದೀತು. ವಾಸ್ತವದಲ್ಲಿ ಬಹುಪಾಲು ಹೊರಹೋಗುತ್ತದೆ. ಆದರೂ ಹುದುಗುವಿಕೆ ಜೋರಾಗಿರುವ ದಿನಗಳಲ್ಲಿ ಸುತ್ತಲಿನ ಗಾಳಿಗಿಂತ ಒಳಗು ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ಆದ್ದರಿಂದ ನಿಯಂತ್ರಕದ ಸಂವೇದಕವನ್ನು ಗಾಳಿಯಲ್ಲಿ ತೂಗುಬಿಡದೆ, ಪಾತ್ರೆಯ ಮೈಗೆ ಅಂಟಿಸಿ, ಅದರ ಮೇಲೆ ದಪ್ಪನೆಯ ಸ್ಪಂಜೋ ಬಟ್ಟೆಯೋ ಇಟ್ಟು ಕಟ್ಟಬೇಕು.

ಎರಡನೆಯದು, ಪೆಟ್ಟಿಗೆಯನ್ನು ಚಳಿ ಬೇಡುವವನ ಅಳತೆಗೆ ಇಟ್ಟು, ಬೆಚ್ಚಗೆ ಬೇಡುವವನಿಗೆ ಪ್ರತ್ಯೇಕವಾಗಿ ಕಂಬಳಿ ಹೊದಿಸಬೇಕು. ಲಾಗರಿನ ಪಾತ್ರೆಗೆ ಸಂವೇದಕ ಕಟ್ಟಿ 10 ಡಿಗ್ರಿಗೆ ಫ್ರಿಜ್ಜನ್ನು ಹೊಂದಿಸಿ, ಏಲಿನ ಪಾತ್ರೆಗೆ ಬಿಸಿಮಾಡುವ ವಿದ್ಯುತ್ ಪಟ್ಟಿ ಸುತ್ತಿ, ಅದಕ್ಕೆ ತನ್ನದೇ ಸಂವೇದಕ, ತನ್ನದೇ ನಿಯಂತ್ರಕ ಕೊಟ್ಟು 19ಕ್ಕೆ ನಿಲ್ಲಿಸಿ, ಸುತ್ತಲೂ ದಪ್ಪನಾದ ಹೊದಿಕೆ ಕಟ್ಟುವುದು. ಹೊದಿಕೆಯಿಲ್ಲದಿದ್ದರೆ ಪಟ್ಟಿಯೂ ಫ್ರಿಜ್ಜೂ ಪರಸ್ಪರ ಜಗಳವಾಡುತ್ತ ವಿದ್ಯುತ್ತನ್ನು ಪೋಲು ಮಾಡುತ್ತವೆ. ಇಂಗ್ಲೆಂಡಿನವರು ತಂಪು ಕೊಳವೆಯಿಂದ ಪಾತ್ರೆಗೊಂದು ಹವೆ ಮಾಡಿದ್ದನ್ನೇ ಇಲ್ಲಿ ತಿರುಗಿಸಿದಂತೆ.

ಮೂರನೆಯದು, ಸ್ಥಳದಲ್ಲಿ ಸಾಧ್ಯವಾಗದ್ದನ್ನು ಕಾಲದಲ್ಲಿ ಸಾಧಿಸುವುದು. ಹುದುಗುವಿಕೆಯ ಮೊದಲ ಮೂರು ನಾಲ್ಕು ದಿನಗಳಲ್ಲಿಯೇ ರುಚಿಯ ಬಹುಭಾಗ ನಿರ್ಧಾರವಾಗುತ್ತದೆ. ಆ ದಿನಗಳನ್ನು ಏಲಿಗೆ ಬಿಟ್ಟುಕೊಟ್ಟು, ಅದರ ಆವೇಗ ಇಳಿದ ಮೇಲೆ ಕೋಣೆಯಲ್ಲಿಟ್ಟು, ಪೆಟ್ಟಿಗೆಯನ್ನು ಲಾಗರಿಗೆ ಬಿಡಬಹುದು. ಲಾಗರ್ ಕೂಡ ಕೊನೆಯಲ್ಲಿ ಎರಡು ಮೂರು ದಿನ 15ರಿಂದ 18 ಡಿಗ್ರಿಯ ಬೆಚ್ಚನೆಯನ್ನು ಬಯಸುತ್ತದೆ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಎಂಬ ವಸ್ತುವನ್ನು ಯೀಸ್ಟ್ ಆಗ ತಾನೇ ತಿಂದು ಮುಗಿಸುತ್ತದೆ.

ನಾಲ್ಕನೆಯದು, ಹೊಂದಿಕೊಂಡು ಬಾಳುವವರನ್ನು ಜೊತೆಗೂಡಿಸುವುದು. ಜರ್ಮನಿಯ ಕಲೋನ್ ನಗರದವರು ಏಲಿನ ಯೀಸ್ಟಿಗೇ ತಂಪಿನಲ್ಲಿ ದುಡಿಯಲು ಕಲಿಸಿ ಕೋಲ್ಷ್ ಎಂಬ ಬಿಯರ್ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಂಜುಗಡ್ಡೆ ದುರ್ಲಭವಾಗಿದ್ದುದರಿಂದ ಲಾಗರಿನ ಯೀಸ್ಟನ್ನೇ ಬೆಚ್ಚಗೆ ದುಡಿಸಿ 'ಸ್ಟೀಮ್ ಬಿಯರ್' ಮಾಡಿದರು. ಇವೆರಡೂ 15, 16 ಡಿಗ್ರಿಯಲ್ಲಿ ಒಂದೇ ಪೆಟ್ಟಿಗೆಯಲ್ಲಿ ತಕರಾರಿಲ್ಲದೆ ಇದ್ದಾವು.

ಉತ್ತರ ಬರೆದು ಮುಗಿಸಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಮೊದಲಿಗೆ ಹೇಳಿದ ಹಳೆಯ ನೆನಪು ಇದು. ನನ್ನ ಮೊದಲ ನೇಮಕಾತಿ ಒಂದು ಏಕೋಪಾಧ್ಯಾಯ ಶಾಲೆಗೆ. ಒಂದೇ ಕೋಣೆ, ನಾಲ್ಕು ತರಗತಿಗಳು, ಮೂವತ್ತೆರಡು ಮಕ್ಕಳು, ನಾನೊಬ್ಬ. ಇಪ್ಪತ್ತೊಂದರ ಹುಮ್ಮಸ್ಸಿನಲ್ಲಿ ಇಡೀ ಕೋಣೆಯನ್ನು ಒಂದೇ ವೇಗದಲ್ಲಿ ನಡೆಸಲು ಹೊರಟೆ. ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಗ್ಗಿ ಹೇಳು ಎಂದರೆ ಬಹಳ ಹೊತ್ತು ಸುಮ್ಮನಿರುತ್ತಿದ್ದ. ಉಳಿದವರು ನಗುತ್ತಿದ್ದರು. ನಾನು ಅವನನ್ನು ಒಂದನೆಯ ತರಗತಿಯ ಮಕ್ಕಳ ಸಾಲಿನಲ್ಲಿ ಕೂರಿಸಿದೆ. ಒಂದು ವಾರ ಕೂತ. ಆಮೇಲೆ ಬರಲಿಲ್ಲ. ದನ ಕಾಯಲು ಹೋಗುತ್ತಾನೆಂದು ಮಕ್ಕಳು ಹೇಳಿದರು. ಅವನ ತಂದೆಯನ್ನು ಸಂತೆಯಲ್ಲಿ ಕಂಡಾಗ, "ಅವ್ನಿಗೆ ಓದು ಹತ್ತಲ್ಲ ಬಿಡಿ ಮೇಷ್ಟ್ರೇ, ನೀವೇ ಹಿಂದಕ್ಕೆ ಕೂರ್ಸಿದ್ರಲ್ಲ" ಎಂದರು. ಅದರಲ್ಲಿ ಆಕ್ಷೇಪಣೆಯ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ವರ್ಗವಾಗಿ ಹೋಗುವ ಮುನ್ನ ಒಂದು ಸಂಜೆ ಗುಡ್ಡದ ದಾರಿಯಲ್ಲಿ ಆ ಹುಡುಗ ಸಿಕ್ಕಿದ. ಮಾತಿಗೆ ಮಾತು ಬಂದು, ಹಿಂಡಿನಲ್ಲಿ ಎಷ್ಟು ದನಗಳಿವೆ ಎಂದು ಕೇಳಿದೆ. ನಾಲ್ಕು ಮನೆಗಳ ದನಗಳನ್ನು ಮನೆವಾರು ಲೆಕ್ಕ ಹಾಕಿ, ಕರುಗಳನ್ನು ಬೇರೆಯಾಗಿ ಹೇಳಿ, ಕೂಡಿಸಿ ಒಟ್ಟು ಹೇಳಿದ. ಹೇಳುವುದಕ್ಕೆ ಹೊತ್ತು ತೆಗೆದುಕೊಂಡ, ಆದರೆ ಒಂದೂ ತಪ್ಪಲಿಲ್ಲ. ಅವನ ಒಳಗೆ ಕೆಲಸ ನಡೆದೇ ಇತ್ತು. ನಾನು ನೋಡಿದ್ದು ಕೋಣೆಯ ಉಷ್ಣತೆಯನ್ನು ಮಾತ್ರ. ಮರಳಿ ಶಾಲೆಗೆ ಬಾ ಎಂದೆ. ನಕ್ಕು ದನಗಳ ಹಿಂದೆ ಹೋದ. ಮುಂದಿನ ಮೂವತ್ತೈದು ವರ್ಷ ಯಾವ ಮಗುವನ್ನೂ ಹಿಂದಿನ ಸಾಲಿಗೆ ಕಳಿಸಲಿಲ್ಲವೆಂಬುದು ನಿಜ. ಅದರಿಂದ ಆ ಒಬ್ಬನಿಗೆ ಏನೂ ಲಾಭವಾಗಲಿಲ್ಲವೆಂಬುದೂ ಅಷ್ಟೇ ನಿಜ.

ಮೊನ್ನೆ ಅಮೆರಿಕದಿಂದ ಮರುಪತ್ರ ಬಂದಿದೆ. ಎರಡನೆಯ ಉಪಾಯವನ್ನೇ ಆರಿಸಿಕೊಂಡನಂತೆ. ಲಾಗರ್ 10ರಲ್ಲಿ, ಏಲ್ 19ರಲ್ಲಿ, ಒಂದೇ ಬಾಗಿಲಿನ ಹಿಂದೆ ನಿಂತಿವೆ. ಏಲ್ ಎರಡು ವಾರದಲ್ಲಿ ಸಿದ್ಧವಾಯಿತು. "ಲಾಗರಿಗೆ ಇನ್ನೂ ಒಂದೂವರೆ ತಿಂಗಳು ಬೇಕು ಸರ್, ಕಾಯುತ್ತಿದ್ದೇನೆ" ಎಂದು ಬರೆದಿದ್ದಾನೆ. ಕಾಯಲಿ. ಅವಸರ ಮಾಡಬೇಡವೆಂದು ಅವನಿಗೆ ಒಂದು ಸಾಲು ಬರೆದು ಹಾಕಿದ್ದೇನೆ.